ರಸ್ತೆ ಮುಗಿಯುವಲ್ಲಿ ಒಂದು ಊರು: ಧನುಷ್ಕೋಡಿಗೆ ಹೋಗುವ ಅಕ್ಕತಂಗಿಯರಿಗೆ



ಮಳೆಗಾಲ ಮುಗಿದು ಕೆಲಸ ಸ್ವಲ್ಪ ಹಗುರಾಯಿತು ಅಂದರೆ ನಮ್ಮ ಸಂಘಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ವೇಳಾಂಗಣಿಗೆ ಹೋಗುವ ಅಂತ ಒಬ್ಬರು, ರಾಮೇಶ್ವರ ನೋಡಿಲ್ಲ ಅಂತ ಇನ್ನೊಬ್ಬರು. ಎರಡೂ ತಮಿಳುನಾಡಿನ ಕರಾವಳಿಯಲ್ಲೇ ಇರುವುದರಿಂದ ಒಂದೇ ಪ್ರವಾಸದಲ್ಲಿ ಎರಡನ್ನೂ ಮುಗಿಸುವ ಗುಂಪುಗಳು ಬಹಳ. ರಾಮೇಶ್ವರಕ್ಕೆ ಹೋದ ಮೇಲೆ ಡ್ರೈವರ್ ಕೇಳಿಯೇ ಕೇಳುತ್ತಾರೆ: "ಧನುಷ್ಕೋಡಿ ನೋಡ್ತೀರಾ?"

ನಾವೂ ಒಮ್ಮೆ ಹಾಗೆಯೇ ಹೋದವರು. ಬಸ್ಸಿನಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಅಕ್ಕಂದಿರೆಲ್ಲ ಇದ್ದರು. ರಸ್ತೆ ಮುಗಿಯಿತು, ಇಳಿದೆವು, ಸಮುದ್ರ ನೋಡಿದೆವು, ಫೋಟೋ ತೆಗೆಸಿಕೊಂಡೆವು, ಅರ್ಧ ಗಂಟೆಯಲ್ಲಿ ಮತ್ತೆ ಬಸ್ ಹತ್ತಿದೆವು. ವಾಪಸ್ ಬರುವಾಗ ಮೀನು ಮಾರುವ ನಮ್ಮ ಒಬ್ಬಕ್ಕ ಕೇಳಿದರು: "ಅಲ್ಲಿ ಮರಳಲ್ಲಿ ಗುಡಿಸಲು ಕಂಡಿತಲ್ಲ, ಆ ಹೆಂಗಸರು ನೀರು ಎಲ್ಲಿಂದ ತರ್ತಾರೆ? ಅವರ ಹೆಸರು ರೇಷನ್ ಕಾರ್ಡಲ್ಲಿ ಉಂಟಾ?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಊರು ನೋಡಿ ಬಂದೆವು, ಊರವರನ್ನು ನೋಡಲೇ ಇಲ್ಲ ಎಂದು ಆಗ ನಾಚಿಕೆಯಾಯಿತು. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಈ ಪತ್ರಿಕೆಯಲ್ಲಿ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇವೆ. ನೀವು ಹೋಗುವುದಾದರೆ ತಿಳಿದುಕೊಂಡೇ ಹೋಗಿ.

ಕೋಡಿ ಎಂದರೆ ತುದಿ

ಧನುಷ್ಕೋಡಿ ಎಂದರೆ ಬಿಲ್ಲಿನ ತುದಿ. ಶ್ರೀರಾಮನು ತನ್ನ ಬಿಲ್ಲಿನ ತುದಿಯಿಂದ ಸೇತುವೆಗೆ ಗುರುತು ಹಾಕಿದ ಜಾಗ ಇದು ಎಂಬ ನಂಬಿಕೆಯಿಂದ ಈ ಹೆಸರು ಬಂದಿದೆ. 'ಕೋಡಿ' ಎಂಬ ಮಾತು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿ ಬೆಂಗ್ರೆ, ಇವೆಲ್ಲ ನೆಲ ಮುಗಿದು ನೀರು ಶುರುವಾಗುವ ಜಾಗಗಳೇ. ಹಾಗಾಗಿ ಧನುಷ್ಕೋಡಿಯನ್ನು ನಾವು ಅರ್ಥ ಮಾಡಿಕೊಳ್ಳಲಿಕ್ಕೆ ಕಷ್ಟವಿಲ್ಲ.

ಮಧುರೈಯಿಂದ ರಾಮೇಶ್ವರಕ್ಕೆ ಸುಮಾರು 170 ಕಿ.ಮೀ. ರಾಮೇಶ್ವರ ಇರುವುದು ಪಾಂಬನ್ ಎಂಬ ದ್ವೀಪದಲ್ಲಿ. ದ್ವೀಪಕ್ಕೆ ಹೋಗಲಿಕ್ಕೆ ಸಮುದ್ರದ ಮೇಲೆ ಸೇತುವೆ ದಾಟಬೇಕು. ಇಲ್ಲಿಯ ಹಳೆಯ ರೈಲು ಸೇತುವೆ 1914ರಲ್ಲಿ ಶುರುವಾದದ್ದು. ಬಸ್ಸು, ಕಾರು ಹೋಗುವ ಸೇತುವೆ ಬಂದದ್ದು 1988ರಲ್ಲಿ. ಹಡಗು ಬಂದಾಗ ನಡುವಿನ ಭಾಗ ಮೇಲಕ್ಕೆ ಏಳುವ ಹೊಸ ರೈಲು ಸೇತುವೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ರಾಷ್ಟ್ರಪತಿಯಾಗಿದ್ದ ಡಾ. ಅಬ್ದುಲ್ ಕಲಾಂ ಹುಟ್ಟಿದ್ದು ರಾಮೇಶ್ವರದಲ್ಲಿ. ಅವರ ತಂದೆ ಯಾತ್ರಿಕರನ್ನು ದೋಣಿಯಲ್ಲಿ ಧನುಷ್ಕೋಡಿಗೆ ಕರೆದೊಯ್ಯುತ್ತಿದ್ದರು.

ರಾಮೇಶ್ವರ ಪೇಟೆಯಿಂದ ಆಗ್ನೇಯಕ್ಕೆ ಹೊರಟರೆ ನೆಲ ಕಿರಿದಾಗುತ್ತಾ ಹೋಗುತ್ತದೆ. ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ, ನಡುವೆ ಮರಳಿನ ಪಟ್ಟಿ. ಪಾಳುಬಿದ್ದ ಕಟ್ಟಡಗಳಿರುವ ಜಾಗವೇ ಹಳೆಯ ಧನುಷ್ಕೋಡಿ. ಅಲ್ಲಿಂದ ಮುಂದೆ ಸುಮಾರು 4-5 ಕಿ.ಮೀ. ಹೋದರೆ ಅರಿಚಲ್‌ಮುನೈ. ಅಲ್ಲಿ ಸಿಂಹದ ಲಾಂಛನವಿರುವ ಕಂಬವೊಂದು ಉಂಟು. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಮುಂದೆ ಶ್ರೀಲಂಕಾದ ತಲೈಮನ್ನಾರ್‌ಗೆ ಹೆಚ್ಚುಕಡಿಮೆ 30 ಕಿ.ಮೀ. ನೀರು ಮಾತ್ರ.

ಒಂದು ರಾತ್ರಿಯಲ್ಲಿ ಹೋದ ಪೇಟೆ

ಈಗ ನೋಡಿದರೆ ನಂಬಲಿಕ್ಕೆ ಆಗುವುದಿಲ್ಲ, ಆದರೆ ಧನುಷ್ಕೋಡಿ ಒಂದು ಕಾಲದಲ್ಲಿ ದೊಡ್ಡ ಪೇಟೆ. ರೈಲು ನಿಲ್ದಾಣ, ಬಂದರು, ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ, ದೇವಸ್ಥಾನ, ಚರ್ಚ್ ಎಲ್ಲ ಇದ್ದವು. ಚೆನ್ನೈಯಿಂದ ರೈಲಿನಲ್ಲಿ ಬಂದವರು ಇಲ್ಲಿ ಇಳಿದು ಹಡಗು ಹತ್ತಿ ತಲೈಮನ್ನಾರ್‌ಗೆ ಹೋಗುತ್ತಿದ್ದರು. ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಇದಕ್ಕೆ 'ಬೋಟ್ ಮೇಲ್' ಎಂದೇ ಹೆಸರು.

1964ರ ಡಿಸೆಂಬರ್ 22. ಕ್ರಿಸ್ಮಸ್‌ಗೆ ಮೂರು ದಿನ ಇರುವಾಗ ಅಂಡಮಾನ್ ಕಡೆ ಹುಟ್ಟಿದ ಚಂಡಮಾರುತ ಶ್ರೀಲಂಕಾವನ್ನು ದಾಟಿ ಇತ್ತ ಬಂತು. ಆ ರಾತ್ರಿ ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಡಿ ತಲುಪಲು ಸ್ವಲ್ಪವೇ ದೂರ ಇರುವಾಗ ದೊಡ್ಡ ಅಲೆಗೆ ಸಿಕ್ಕಿ ಪೂರ್ತಿ ಮುಳುಗಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಊರಿನೊಳಗೂ ಸಮುದ್ರ ನುಗ್ಗಿತು. ತಂತಿ ಕಂಬಗಳು ಬಿದ್ದಿದ್ದರಿಂದ ಸುದ್ದಿ ಹೊರಗೆ ಬರಲಿಕ್ಕೂ ಸಮಯ ಹಿಡಿಯಿತು. ಭಾರತ ಮತ್ತು ಶ್ರೀಲಂಕಾ ಎರಡೂ ಕಡೆ ಸೇರಿ ಸತ್ತವರು ಸುಮಾರು 1,800 ಎಂದು ಅಂದಾಜು.

ಇಲ್ಲಿ ಒಂದು ವಿಷಯ ಗಮನಿಸಿ. ಆ ರೈಲಿನಲ್ಲಿ ಸತ್ತವರ ಲೆಕ್ಕ ಸಿಕ್ಕಿದ್ದು ಕೊಟ್ಟ ಟಿಕೆಟಿನ ಲೆಕ್ಕದಿಂದ. ಟಿಕೆಟ್ ಇಲ್ಲದೆ ಹತ್ತಿದವರೂ ಇದ್ದರು, ಅವರು ಆ ಲೆಕ್ಕಕ್ಕೆ ಬರಲಿಲ್ಲ ಎಂದು ಹೇಳುತ್ತಾರೆ. ಕಾಗದದಲ್ಲಿ ಹೆಸರಿಲ್ಲದವರು ಸತ್ತರೂ ಲೆಕ್ಕಕ್ಕಿಲ್ಲ. ಈ ಮಾತು ಮನಸ್ಸಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಪಾಂಬನ್ ಸೇತುವೆಯ 145 ಭಾಗಗಳಲ್ಲಿ 126 ಕೊಚ್ಚಿಹೋಗಿದ್ದವು. ಅದನ್ನು ಸರಿಮಾಡುವ ಕೆಲಸ ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್‌ಗೆ ವಹಿಸಲಾಯಿತು. ಆರು ತಿಂಗಳು ಬೇಕೆಂದುಕೊಂಡಿದ್ದ ಕೆಲಸವನ್ನು ಅವರು 46 ದಿನಗಳಲ್ಲಿ ಮುಗಿಸಿದರು. ಮುಂದೆ ನಮ್ಮ ಕರಾವಳಿಯ ಕೊಂಕಣ ರೈಲು ಮಾರ್ಗದ ನೇತೃತ್ವ ವಹಿಸಿದವರೂ ಇವರೇ. ರಾಮೇಶ್ವರಕ್ಕೆ ರೈಲು ಬೇಗ ಬಂತು. ಆದರೆ ಅಲ್ಲಿಂದ ಮುಂದೆ ಧನುಷ್ಕೋಡಿಗೆ ಮತ್ತೆ ಹಳಿ ಹಾಕಲಿಲ್ಲ. ಈ ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಘೋಷಿಸಿತು.

ಹಾಗಾದರೆ ಜನ ಯಾಕೆ ಅಲ್ಲಿದ್ದಾರೆ?

"ಅಪಾಯ ಅಂತ ಗೊತ್ತಿದ್ದೂ ಯಾಕೆ ಅಲ್ಲೇ ಕೂತಿದ್ದಾರೆ?" ಎಂದು ಬಸ್ಸಿನಲ್ಲಿ ಕೆಲವರು ಕೇಳಿದರು. ಉತ್ತರ ಸುಲಭ, ಮೀನು ಅಲ್ಲಿರುವುದರಿಂದ. ಸರ್ಕಾರದ ಕಾಗದದಲ್ಲಿ ಊರು ಮುಗಿದರೂ ಮೀನುಗಾರ ಕುಟುಂಬಗಳು ಮರಳಿ ಬಂದು ಓಲೆ, ತಗಡು ಹಾಕಿ ಗುಡಿಸಲು ಕಟ್ಟಿಕೊಂಡವು.

ಆ ಮರಳಿನ ಪಟ್ಟಿಯ ಎರಡು ಬದಿಯ ಸಮುದ್ರಕ್ಕೆ ಅಲ್ಲಿಯವರು ಎರಡು ಹೆಸರಿಟ್ಟಿದ್ದಾರೆ. ಉತ್ತರದ ಪಾಕ್ ಕೊಲ್ಲಿ ಆಳ ಕಡಿಮೆ, ಹೆಚ್ಚಾಗಿ ಶಾಂತ. ಅದು 'ಪೆಣ್ ಕಡಲ್', ಅಂದರೆ ಹೆಣ್ಣು ಕಡಲು. ದಕ್ಷಿಣದ ಮನ್ನಾರ್ ಕೊಲ್ಲಿ ಅಬ್ಬರದ್ದು. ಅದು 'ಆಣ್ ಕಡಲ್', ಗಂಡು ಕಡಲು. ನಮ್ಮಲ್ಲಿ ಮಳೆಗಾಲವಾದಾಗ ಗಂಡು ಕಡಲು ಕೆರಳುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅವರ ಮಳೆಗಾಲದಲ್ಲಿ, ಹೆಣ್ಣು ಕಡಲೂ ಸುಮ್ಮನಿರುವುದಿಲ್ಲ. ಗಾಳಿ ಯಾವ ಕಡೆಯದು ಎಂದು ನೋಡಿ ದೋಣಿಯನ್ನು ಈ ಬದಿಯಿಂದ ಆ ಬದಿಗೆ ಬದಲಾಯಿಸುತ್ತಾರೆ. ಒಂದು ಕಡಲು ಮುನಿದರೆ ಇನ್ನೊಂದು ಕಡಲು ಉಂಟು ಎಂಬ ಅನುಕೂಲ ಹೆಚ್ಚಿನ ಊರುಗಳಲ್ಲಿ ಸಿಗುವುದಿಲ್ಲ.

ಇಲ್ಲಿ 'ಕರೈವಲೈ' ಎಂಬ ಮೀನುಗಾರಿಕೆ ಉಂಟು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವುದು. ಓದುವಾಗಲೇ ನಿಮಗೆ ಗೊತ್ತಾಯಿತಲ್ಲ? ಇದೇ ನಮ್ಮ ಕೈರಂಪಣಿ! ಹತ್ತಾರು ಜನ ಸೇರಿ ಎಳೆಯುವ, ಬಂದದ್ದನ್ನು ಪಾಲು ಮಾಡಿಕೊಳ್ಳುವ ಕೆಲಸ. ಬಲೆ ದಡಕ್ಕೆ ಬಂದ ಮೇಲೆ ಮೀನು ಬೇರೆ ಮಾಡುವುದು, ತೊಳೆಯುವುದು, ಉಪ್ಪು ಹಾಕಿ ಒಣಗಿಸುವುದು ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಮಲ್ಪೆಯಲ್ಲಾಗಲಿ, ಕಾರವಾರದಲ್ಲಾಗಲಿ ನೀವು ಮಾಡುವ ಕೆಲಸವೇ.

ಇನ್ನು ಗಡಿಯ ಕಷ್ಟ. 1974 ಮತ್ತು 1976ರ ಒಪ್ಪಂದಗಳಿಂದ ಭಾರತ ಮತ್ತು ಶ್ರೀಲಂಕಾ ನಡುವೆ ಸಮುದ್ರದಲ್ಲಿ ಗಡಿ ಗುರುತಾಯಿತು. ನೀರಿನ ಮೇಲೆ ಗೆರೆ ಕಾಣುತ್ತದಾ? ಗಡಿ ದಾಟಿದರೆಂದು ರಾಮೇಶ್ವರದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಹಿಡಿಯುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಈ ಕಡೆಯ ದೊಡ್ಡ ಟ್ರಾಲರ್‌ಗಳು ತಮ್ಮ ಸಮುದ್ರದ ತಳವನ್ನೇ ಗುಡಿಸುತ್ತವೆ ಎಂಬುದು ಆ ಕಡೆಯ ಬಡ ಮೀನುಗಾರರ ದೂರು. ಎರಡೂ ಕಡೆ ಮನೆಯಲ್ಲಿ ಕಾಯುವವರು ಹೆಂಗಸರೇ. ಇದರ ನಡುವೆಯೂ ಶ್ರೀಲಂಕಾಕ್ಕೆ ಸೇರಿದ ಕಚ್ಚತೀವು ಎಂಬ ಸಣ್ಣ ದ್ವೀಪದಲ್ಲಿ ಸಂತ ಅಂತೋನಿಯವರ ಹಬ್ಬ ನಡೆಯುತ್ತದೆ. ಎರಡೂ ದೇಶದ ಮೀನುಗಾರರು ಅಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡುತ್ತಾರೆ.

ಮರಳಿನೊಳಗಿನ ಸಿಹಿ ನೀರು

ನಮ್ಮ ಅಕ್ಕ ಕೇಳಿದ ನೀರಿನ ಪ್ರಶ್ನೆಗೆ ಈಗ ಉತ್ತರ. ಎರಡು ಕಡೆ ಸಮುದ್ರ ಇರುವ ಆ ಮರಳಿನಲ್ಲೇ ಸಿಹಿ ನೀರು ಸಿಗುತ್ತದೆ! ಕೆಲವೇ ಅಡಿ ತೋಡಿದರೆ ನೀರು ಒಸರುತ್ತದೆ. ಹೆಂಗಸರು ಕೂತು ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು ಕೊಡ ತುಂಬಿಸುತ್ತಾರೆ. ಕಲ್ಲು ಕಟ್ಟಿದ ಬಾವಿಯ ಹಾಗಲ್ಲ, ಮರಳು ಕುಸಿದರೆ ಬೇರೆ ಕಡೆ ಹೊಸದಾಗಿ ತೋಡಬೇಕು.

ಇದು ಹೇಗೆ? ಮಳೆ ನೀರು ಮರಳಿನೊಳಗೆ ಇಂಗುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಅದು ಕೆಳಗಿನ ಉಪ್ಪು ನೀರಿನ ಮೇಲೆ, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ, ತೆಳ್ಳಗೆ ನಿಂತಿರುತ್ತದೆ. ಮೇಲಿಂದ ಮೆಲ್ಲನೆ ತೆಗೆದರೆ ಸಿಹಿ. ಆಳಕ್ಕೆ ತೋಡಿದರೆ, ಅಥವಾ ಪಂಪು ಹಾಕಿ ಒಮ್ಮೆಲೇ ಎಳೆದರೆ, ಕೆಳಗಿನ ಉಪ್ಪು ನೀರು ಮೇಲೆ ಬರುತ್ತದೆ. ಆ ಹೆಂಗಸರು ಬಟ್ಟಲಲ್ಲಿ ತೆಗೆಯುವುದಕ್ಕೆ ಕಾರಣ ಬಡತನ ಮಾತ್ರ ಅಲ್ಲ, ತಿಳುವಳಿಕೆಯೂ ಹೌದು. ನಮ್ಮ ಕರಾವಳಿಯಲ್ಲಿ ಸಮುದ್ರದ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದೂ ಇದೇ ಕಾರಣಕ್ಕೆ. ಹೆಚ್ಚು ಎಳೆದಷ್ಟು ಉಪ್ಪು ಬೇಗ ಬರುತ್ತದೆ.

ರಸ್ತೆ ಬಂದ ಮೇಲೆ

2017ರವರೆಗೆ ಧನುಷ್ಕೋಡಿಗೆ ಸರಿಯಾದ ರಸ್ತೆ ಇರಲಿಲ್ಲ. ಮುಕುಂದರಾಯರ್ ಛತ್ರ ಎಂಬಲ್ಲಿಗೆ ಡಾಮರು ಮುಗಿಯುತ್ತಿತ್ತು. ಮುಂದೆ ಮರಳು, ನೀರು ದಾಟುವ ವ್ಯಾನು, ಜೀಪು, ಇಲ್ಲವಾದರೆ ಕಾಲ್ನಡಿಗೆ. ಹೆರಿಗೆ ನೋವು ಬಂದರೂ ಅದೇ ದಾರಿ, ಮೀನು ಪೇಟೆ ಮುಟ್ಟಬೇಕಾದರೂ ಅದೇ ದಾರಿ. 2017ರ ಜುಲೈಯಲ್ಲಿ ಅಲ್ಲಿಂದ ಅರಿಚಲ್‌ಮುನೈವರೆಗೆ ಸುಮಾರು 9.5 ಕಿ.ಮೀ. ಹೆದ್ದಾರಿ ಉದ್ಘಾಟನೆಯಾಯಿತು. ಚಂಡಮಾರುತವಾಗಿ 50 ವರ್ಷ ದಾಟಿದ ಮೇಲೆ!

ರಸ್ತೆ ಬಂದದ್ದು ಒಳ್ಳೆಯದೇ. ಆಸ್ಪತ್ರೆ ಹತ್ತಿರವಾಯಿತು. ಮೀನು ಬೇಗ ಪೇಟೆಗೆ ಹೋಗುತ್ತದೆ. ಊರಲ್ಲೊಂದು ಸರ್ಕಾರಿ ಶಾಲೆ ಉಂಟು. ಮೇಲಿನ ತರಗತಿಗೆ ರಾಮೇಶ್ವರಕ್ಕೇ ಹೋಗಬೇಕಾದ ಮಕ್ಕಳಿಗೆ ದಾರಿ ಸುಲಭವಾಯಿತು. ಪ್ರವಾಸಿಗರು ಬಂದರು. ಕೆಲವರು ಮೀನು ಹುರಿದು ಮಾರಲಿಕ್ಕೆ, ಚಿಪ್ಪಿನ ಸಾಮಾನು ಇಡಲಿಕ್ಕೆ ಸಣ್ಣ ಅಂಗಡಿ ಹಾಕಿಕೊಂಡರು.

ಆದರೆ ಡಾಮರು ಬಂದ ಕೂಡಲೇ ಎಲ್ಲವೂ ಬರುವುದಿಲ್ಲ. ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಣೆಯಾದ ಜಾಗದಲ್ಲಿ ಮನೆಗೆ ಹಕ್ಕುಪತ್ರ ಸಿಗುವುದು ಕಷ್ಟ. ಹಕ್ಕುಪತ್ರ ಇಲ್ಲದಿದ್ದರೆ ವಿದ್ಯುತ್, ಮನೆ ಸಾಲ, ಪರಿಹಾರ ಎಲ್ಲದಕ್ಕೂ ತೊಡಕು. ಆ ಗುಡಿಸಲುಗಳಿಗೆ ಸೌರದೀಪವೂ ಬೆಳಕು ಕೊಟ್ಟಿದೆ. ಪ್ರವಾಸಿಗರು ಹೆಚ್ಚಾದ ಹಾಗೆ ಪ್ಲಾಸ್ಟಿಕ್ ಬಾಟಲಿ, ತಟ್ಟೆ ಮರಳಿನಲ್ಲಿ ಬಿದ್ದವು. 2025ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಧನುಷ್ಕೋಡಿ ಪ್ರದೇಶದಲ್ಲಿ ರಾಜಹಂಸ ಹಕ್ಕಿಗಳಿಗೆ ಅಭಯಧಾಮ ಘೋಷಿಸಿತು. ದೂರದಿಂದ ಹಾರಿ ಬರುವ ಹಕ್ಕಿಗಳಿಗೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆದ್ದಾರಿಯಾಗಲಿ, ಅಭಯಧಾಮವಾಗಲಿ, ನಿಯಮ ಬರೆಯುವಾಗ ಅಲ್ಲಿ ಬಲೆ ಎಳೆಯುವವರನ್ನೂ ಕೂರಿಸಿ ಕೇಳಬೇಕಲ್ಲ? ಕೇಳಬೇಕಾದರೆ ಮೊದಲು ಅವರು ಅಲ್ಲಿದ್ದಾರೆ ಎಂದು ಕಾಗದದಲ್ಲಿ ಇರಬೇಕು. ಟಿಕೆಟಿನ ಲೆಕ್ಕದ ಮಾತು ನೆನಪಾಯಿತಾ?

ಅದೇ ದ್ವೀಪದ ಪಾಚಿ ತೆಗೆಯುವ ಅಕ್ಕಂದಿರು

ವಾಪಸ್ ಬರುವಾಗ ಪಾಂಬನ್ ಸೇತುವೆಯ ಹತ್ತಿರ ಮೀನುಗಾರರ ಬೇರೆ ಊರುಗಳು ಸಿಗುತ್ತವೆ. ಅಲ್ಲಿಯೂ, ಆಚೆ ದಡದ ರಾಮನಾಥಪುರಂ ಜಿಲ್ಲೆಯ ಊರುಗಳಲ್ಲಿಯೂ ಹೆಂಗಸರ ಒಂದು ವಿಶೇಷ ಕೆಲಸ ಉಂಟು, ಕಡಲ ಪಾಚಿ ತೆಗೆಯುವುದು. ಸ್ವಸಹಾಯ ಸಂಘದವರಾದ ನಾವು ಇದನ್ನು ತಿಳಿಯಲೇಬೇಕು.

ಸಿಹಿ ತಿಂಡಿ ಗಟ್ಟಿಯಾಗಲು ಹಾಕುವ ಚೈನಾ ಗ್ರಾಸ್ ನಿಮಗೆ ಗೊತ್ತು. ಅದು ತಯಾರಾಗುವುದು ಕಡಲ ಪಾಚಿಯಿಂದ. ಇನ್ನೊಂದು ಜಾತಿಯ ಪಾಚಿಯ ಅಂಶ ಐಸ್‌ಕ್ರೀಮಿಗೆ, ಬಟ್ಟೆಗೆ ಬಣ್ಣ ಅಚ್ಚು ಹಾಕಲಿಕ್ಕೆ ಬೇಕಾಗುತ್ತದೆ. ಹೆಂಗಸರು ಕಣ್ಣಿಗೆ ಕನ್ನಡಕ ಕಟ್ಟಿ, ಬೆರಳಿಗೆ ಬಟ್ಟೆ ಚಿಂದಿ ಸುತ್ತಿ, ಉಸಿರು ಹಿಡಿದು ಮುಳುಗಿ ಬಂಡೆಯ ಮೇಲಿನ ಪಾಚಿಯನ್ನು ಕೈಯಿಂದ ಕೀಳುತ್ತಾರೆ. ಬಂಡೆ ಚೂಪು, ಕೈ ಕಾಲು ಕೊಯ್ಯುತ್ತದೆ.

ಇವರು ಹೋಗುತ್ತಿದ್ದ ಜಾಗದಲ್ಲಿ 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನು ಸೇರಿಸಿ ಕಡಲ ರಾಷ್ಟ್ರೀಯ ಉದ್ಯಾನ ಮಾಡಲಾಯಿತು. ತಾಯಂದಿರ ಕಾಲದಿಂದ ಹೋಗುತ್ತಿದ್ದ ಜಾಗಕ್ಕೆ ಹೋದರೆ ತಪ್ಪು ಎಂದಾಯಿತು. ದೋಣಿ ತಡೆಯುವುದು, ಪಾಚಿ ಕಿತ್ತುಕೊಳ್ಳುವುದು, ದಂಡ, ಎಲ್ಲ ಶುರುವಾಯಿತು. ಒಬ್ಬೊಬ್ಬರೇ ಜಗಳವಾಡಿ ಪ್ರಯೋಜನವಿಲ್ಲ ಎಂದು ಅವರು ಸಂಘಟಿತರಾದರು. ಆಮೇಲೆ ಮಾಡಿದ ಮೊದಲ ದೊಡ್ಡ ಕೆಲಸ ತಮ್ಮ ಮೇಲೆಯೇ ನಿಯಮ ಹಾಕಿಕೊಂಡದ್ದು. ತಿಂಗಳಿಗೆ 12 ದಿನ ಮಾತ್ರ ಕೆಲಸ. ಮೀನು ಮರಿ ಮಾಡುವ ಕಾಲದಲ್ಲಿ ಪೂರ್ತಿ ರಜೆ. ಕಬ್ಬಿಣದ ಸಾಮಾನಿನಿಂದ ಕೆರೆಯುವಂತಿಲ್ಲ, ಕೈಯಿಂದಲೇ ಕೀಳಬೇಕು, ಪಾಚಿ ಮತ್ತೆ ಬೆಳೆಯಬೇಕು. ಕಡಲು ಉಳಿದರೆ ನಾವು ಉಳಿಯುತ್ತೇವೆ ಎಂದು ಕೆಲಸದಲ್ಲಿ ತೋರಿಸಿದ ಮೇಲೆ, ನಮ್ಮನ್ನೂ ಮೀನುಗಾರರೆಂದು ಗುರುತಿಸಿ, ಗುರುತಿನ ಚೀಟಿ ಕೊಡಿ ಎಂದು ಕೇಳುವ ಧೈರ್ಯ ಅವರಿಗೆ ಬಂತು. 2015ರಲ್ಲಿ ಸೀಕಾಲಜಿ ಎಂಬ ಅಮೆರಿಕದ ಸಂಸ್ಥೆ ಇವರ ಮುಂದಾಳು ಲಕ್ಷ್ಮಿ ಮೂರ್ತಿ ಅವರಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು.

ಅದೇ ಜಿಲ್ಲೆಯಲ್ಲಿ ಪಾಚಿ ಬೆಳೆಸುವ ಕೆಲಸವೂ ನಡೆಯಿತು. 2000ದ ನಂತರ ಬಹಳ ಸ್ವಸಹಾಯ ಗುಂಪುಗಳು ಬ್ಯಾಂಕ್ ಸಾಲ ತೆಗೆದು, ಬಿದಿರಿನ ತೆಪ್ಪದಲ್ಲಿ ಹೊರದೇಶದ ಒಂದು ಜಾತಿಯ ಪಾಚಿ ಕಟ್ಟಿ, ಸುಮಾರು 45 ದಿನಕ್ಕೊಮ್ಮೆ ಕೊಯ್ದು ಮಾರಿದವು. ಆದಾಯ ಚೆನ್ನಾಗಿಯೇ ಬಂತು. ಆದರೆ ಈ ಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದೆ ಎಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನೀರು ಬಿಸಿಯಾಗಿ, ರೋಗ ತಗಲಿ ಇಳುವರಿ ಬಿದ್ದ ವರ್ಷಗಳೂ ಬಂದವು. ಇದರಿಂದ ನಮಗೆ ಪಾಠ: ಸಾಲ ಸಿಗುತ್ತದೆ, ಕೊಳ್ಳುವವರಿದ್ದಾರೆ ಎಂದ ಮಾತ್ರಕ್ಕೆ ಇಡೀ ಸಂಘ ಒಂದೇ ಕೆಲಸಕ್ಕೆ ಬೀಳಬಾರದು. ಎರಡನೆಯ ಆದಾಯ ಒಂದು ಕೈಯಲ್ಲಿರಲಿ.

ಹೋಗುವವರು ಗಮನಿಸಬೇಕಾದದ್ದು

1. ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆ ಮತ್ತು ಚಂಡಮಾರುತದ ಕಾಲ. ಹೊರಡುವ ಮೊದಲು ಹವಾಮಾನದ ಸುದ್ದಿ ಕೇಳಿ.

2. ಬೆಳಿಗ್ಗೆ ಬೇಗ ಹೋಗಿ. ನೆರಳು ಇಲ್ಲವೇ ಇಲ್ಲ ಎನ್ನಬಹುದು. ಕುಡಿಯುವ ನೀರು, ಕೊಡೆ ಜೊತೆಗಿರಲಿ. ಸಂಜೆಯಾಗುವ ಹೊತ್ತಿಗೆ ಪೊಲೀಸರು ಎಲ್ಲರನ್ನೂ ವಾಪಸ್ ಕಳುಹಿಸುತ್ತಾರೆ, ರಾತ್ರಿ ಉಳಿಯಲಿಕ್ಕೆ ಬಿಡುವುದಿಲ್ಲ.

3. ಅರಿಚಲ್‌ಮುನೈಯಲ್ಲಿ ನೀರಿಗೆ ಇಳಿಯಬೇಡಿ. ಎರಡು ಕಡಲು ಸೇರುವ ಜಾಗ, ಸೆಳೆತ ಬಹಳ. ನಾವೂ ಕರಾವಳಿಯವರು, ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ಬೇಡ.

4. ಹವಳದ ತುಂಡು ಹೆಕ್ಕಬೇಡಿ, ಯಾರು ಕೊಟ್ಟರೂ ಕೊಳ್ಳಬೇಡಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಹವಳಕ್ಕೆ ರಕ್ಷಣೆ ಉಂಟು, ಇಟ್ಟುಕೊಂಡರೆ ಅಪರಾಧ. ಪಾಳುಬಿದ್ದ ಚರ್ಚಿನ ಗೋಡೆಯಲ್ಲಿ ಕಾಣುವುದೂ ಹವಳದ ಕಲ್ಲೇ. ಅದನ್ನು ಕೀಳುವುದು, ಹೆಸರು ಕೆತ್ತುವುದು ಬೇಡ. ಅದು ಜನ ಪ್ರಾರ್ಥಿಸಿದ ಜಾಗ, ಎಷ್ಟೋ ಜನ ಸತ್ತ ಊರು.

5. ಗುಡಿಸಲಿನ ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ನಾವು ಬುಟ್ಟಿ ಹೊತ್ತು ಹೋಗುವಾಗ ಯಾರೋ ಬಸ್ಸಿನಿಂದ ಫೋಟೋ ತೆಗೆದರೆ ನಮಗೆ ಹೇಗಾಗುತ್ತದೆ?

6. ಊಟ, ಚಹಾ, ಒಣಮೀನು ಅಲ್ಲಿಯ ಹೆಂಗಸರ ಅಂಗಡಿಯಿಂದಲೇ ಕೊಳ್ಳಿ. ಅತಿಯಾಗಿ ಚೌಕಾಸಿ ಬೇಡ. ಮೀನಿನ ಬೆಲೆ ನಮಗೆ ಗೊತ್ತಿಲ್ಲದ್ದಲ್ಲ.

7. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ಎಲ್ಲ ವಾಪಸ್ ತನ್ನಿ. ಬಸ್ಸಿನಲ್ಲಿ ಒಂದು ಗೋಣಿಚೀಲ ಇಟ್ಟರೆ ಸಾಕು.

8. ಏಪ್ರಿಲ್ 15ರಿಂದ ಜೂನ್ 14ರವರೆಗೆ ಅಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ನಮ್ಮಲ್ಲಿ ಅದು ಜೂನ್ 1ರಿಂದ ಜುಲೈ 31. ಆ ದಿನಗಳಲ್ಲಿ ಹೋದರೆ ಬಂದರಿನಲ್ಲಿ ದೋಣಿಗಳು ಕಟ್ಟಿಯೇ ಇರುತ್ತವೆ.

ನಮ್ಮ ಊರಿನ ಕೋಡಿ ಎಲ್ಲಿ?

ಪ್ರವಾಸ ಮುಗಿಸಿ ಬಂದ ಮೇಲೆ ಸಂಘದ ಸಭೆಯಲ್ಲಿ ನಾವು ಒಂದು ಪ್ರಶ್ನೆ ಇಟ್ಟೆವು: ನಮ್ಮ ಪಂಚಾಯತಿನಲ್ಲಿ ರಸ್ತೆ ಮುಗಿಯುವುದು ಎಲ್ಲಿ? ಅಲ್ಲಿಂದ ಮುಂದೆ ಯಾರ ಮನೆಗಳಿವೆ? ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಒಬ್ಬರು ಅಳಿವೆ ಬದಿಯ ಮನೆಗಳನ್ನು ಹೇಳಿದರು. ಬಸ್ಸು ತಿರುಗುವ ಜಾಗದಿಂದ ಆಚೆ ಇರುವವರು. ಅವರಲ್ಲಿ ಒಬ್ಬರೂ ಯಾವ ಸಂಘದಲ್ಲೂ ಇಲ್ಲ. ಸಭೆಗೆ ಬರಲಿಕ್ಕೆ ದೂರ ಅಂತ ನಾವೇ ಅವರನ್ನು ಕರೆದಿರಲಿಲ್ಲ. ಧನುಷ್ಕೋಡಿಗೆ ಅಷ್ಟು ದೂರ ಹೋದವರು ಅಳಿವೆಯ ತನಕ ಹೋಗಿರಲಿಲ್ಲ!

ಆದ್ದರಿಂದ ಪ್ರತಿ ಸಂಘವೂ ಈ ಕೆಲವು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ರಸ್ತೆ ಮುಗಿಯುವ ಕಡೆಯ ಮನೆಗಳಿಗೆ ಇಬ್ಬರು ಸದಸ್ಯೆಯರು ಹೋಗಿ ಬನ್ನಿ. ರೇಷನ್ ಕಾರ್ಡ್, ಆಧಾರ್, ಮತದಾರರ ಪಟ್ಟಿ, ಮನೆಯ ಕಾಗದ ಇವುಗಳಲ್ಲಿ ಏನುಂಟು, ಏನಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಮೀನು ಮಾರುವವರು, ಒಣಗಿಸುವವರು, ಮರುವಾಯಿ ಹೆಕ್ಕುವವರು ತಮ್ಮ ಕೆಲಸ 'ಮನೆಕೆಲಸ' ಎಂದು ಬರೆಸಬಾರದು. ಮೀನುಗಾರಿಕೆ ಕೆಲಸ ಎಂದೇ ಬರೆಸಬೇಕು. ಅಸಂಘಟಿತ ಕಾರ್ಮಿಕರಿಗೆ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಉಚಿತ. ಬೀದಿ ಬದಿಯಲ್ಲಿ ಕೂತು ಮೀನು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಗುರುತಿನ ಚೀಟಿ ಕೇಳುವ ಹಕ್ಕು ಉಂಟು. ಮೀನುಗಾರಿಕೆ ಇಲ್ಲದ ತಿಂಗಳುಗಳಿಗಾಗಿ ಇರುವ ಉಳಿತಾಯ ಮತ್ತು ಪರಿಹಾರ ಯೋಜನೆಯ ಬಗ್ಗೆ ನಿಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ನಾವು ಸಂಘದಲ್ಲಿ ಹತ್ತು ರೂಪಾಯಿ ಕಟ್ಟಿದರೂ ಪುಸ್ತಕದಲ್ಲಿ ಬರೆಯುತ್ತೇವೆ. ಯಾಕೆ? ಬರೆಯದಿದ್ದರೆ ನಾಳೆ ಅದು ಇಲ್ಲ ಎಂದಾಗುತ್ತದೆ. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ. ಅಳಿವೆ ಬದಿಯ ಆ ಮನೆಗಳಿಗೆ ನಮ್ಮವರು ಹೋಗಿ ಬಂದರು. ಮುಂದಿನ ತಿಂಗಳ ಸಭೆಗೆ ಅಲ್ಲಿಯ ಮೂವರು ಬಂದರು. ಒಬ್ಬರು ಬಾಗಿಲಲ್ಲೇ ನಿಂತಿದ್ದರು, ಒಳಗೆ ಕರೆದು ಕೂರಿಸಿದೆವು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬರೆದೆವು. ಅದರ ಮುಂದಿನ ಸಭೆಯನ್ನು ಅವರ ಅಂಗಳದಲ್ಲೇ ಮಾಡುವುದೆಂದು ತೀರ್ಮಾನವಾಯಿತು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ರಸ್ತೆ, ಬಸ್ಸು, ವಿದ್ಯುತ್ ಮುಗಿಯುವ ಜಾಗ ಯಾವುದು? ಅಲ್ಲಿಂದ ಆಚೆ ಎಷ್ಟು ಮನೆಗಳಿವೆ?

2. ನಮ್ಮ ಕಾಗದಪತ್ರಗಳಲ್ಲಿ ನಮ್ಮ ಉದ್ಯೋಗ ಏನೆಂದು ಬರೆದಿದೆ? ನಾವು ನಿಜವಾಗಿ ಮಾಡುವ ಕೆಲಸ ಏನು?

3. ಪಾಚಿ ತೆಗೆಯುವ ಅಕ್ಕಂದಿರ ಹಾಗೆ, ನಮ್ಮ ನೀರು, ಮೀನು, ಮರುವಾಯಿ ಉಳಿಯಲು ನಾವೇ ಹಾಕಿಕೊಳ್ಳಬಹುದಾದ ಒಂದು ನಿಯಮ ಯಾವುದು?

4. ಮುಂದಿನ ಪ್ರವಾಸದಲ್ಲಿ ನಾವು ಯಾರನ್ನು ಭೇಟಿಯಾಗಬೇಕು? ಏನು ಕೇಳಬೇಕು?

ಚರ್ಚೆಯಲ್ಲಿ ಬಂದ ವಿಷಯಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ವಲಯದ ಕಾರ್ಯಕರ್ತೆ ಬಂದಾಗ ತೋರಿಸಿ.